ಫೇರ್ ಶಾಂತಯ್ಯ ಇಳಿಸಿದ ದರ್ಜೆ

ನವನಗರದ ನಾಲ್ಕನೇ ಅಡ್ಡರಸ್ತೆಯಲ್ಲಿ ನಿಂತು ಶಾಂತಯ್ಯನವರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಫೇರ್ ಶಾಂತಯ್ಯನವರ ಮನೆ ಎಂದು ಕೇಳಬೇಕು. ಆಗ ಇಸ್ತ್ರಿ ಅಂಗಡಿಯವನಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಹಸಿರು ಗೇಟಿನ ಕಡೆ ಕೈ ತೋರಿಸುತ್ತಾರೆ, ಜೊತೆಗೊಂದು ನಗೆಯನ್ನೂ ಪುಕ್ಕಟೆ ಕೊಡುತ್ತಾರೆ. ನಗುವವರಿಗೇನು, ನಕ್ಕು ಮುಂದೆ ಹೋಗುತ್ತಾರೆ. ಆ ಗೇಟಿನ ಒಳಗೆ ನಲವತ್ತೊಂದು ವರ್ಷ ಆ ಒಂದೇ ಶಬ್ದ ಕೇಳಿಕೊಂಡು ಅಡುಗೆ ಮಾಡಿದವಳು ಮುರಿಗೆವ್ವ.

ಶಾಂತಯ್ಯ ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಗ್ರೇಡರ್ ಆಗಿದ್ದರು. ಹತ್ತಿಯ ಅಂಡಿಗೆಯೊಳಗೆ ಮೊಳಕೈವರೆಗೆ ಕೈ ತೂರಿಸಿ ಒಂದು ಹಿಡಿ ಅರಳೆ ಎಳೆಯುವುದು, ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗುವುದು, ಎಳೆಯನ್ನು ಬೆಳಕಿಗೆ ಹಿಡಿಯುವುದು, ಆಮೇಲೆ ದರ್ಜೆ ಹೇಳುವುದು. ದರ್ಜೆ ನಾಲ್ಕೇ. ಕೆಳಗಿನಿಂದ ಮೇಲಕ್ಕೆ ಫೇರ್, ಗುಡ್, ಫುಲ್ಲಿ ಗುಡ್, ಫೈನ್. ಫೇರ್ ಎಂದರೆ ಬಿಸಾಡುವಂಥದ್ದಲ್ಲ, ಹಾಡಿ ಹೊಗಳುವಂಥದ್ದೂ ಅಲ್ಲ, ನಡೆಯುತ್ತದೆ ಎನ್ನುವಂಥದ್ದು. ಏಳನೇ ಇಯತ್ತೆಗೆ ಸಾಲೆ ಬಿಟ್ಟಿದ್ದ ಶಾಂತಯ್ಯನವರಿಗೆ ಇಂಗ್ಲಿಷ್ ಎಂದರೆ ಈ ನಾಲ್ಕು ಮಾತು. ಅದರಲ್ಲೂ ಮೇಲಿನ ಮೂರನ್ನು ಅವರು ಮದುವೆಯಲ್ಲಿ ತಲೆಗೆ ಸುತ್ತಿದ ರೇಷ್ಮೆ ಪಟಕದ ಹಾಗೆ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದರು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಫೈನ್ ಎಂದು ಹೇಳಿದ್ದು ಮೂರೇ ಸಲ. ಯಾವ ಊರಿನ ಹತ್ತಿ, ಯಾವ ವರ್ಷ, ಆವತ್ತು ಯಾವ ವಾರ, ಮೂರನ್ನೂ ಈಗಲೂ ಹೇಳುತ್ತಾರೆ.

ಇಷ್ಟೂ ಪೇಟೆಯಲ್ಲೇ ಇದ್ದಿದ್ದರೆ ಯಾರದೇನೂ ತಕರಾರಿರಲಿಲ್ಲ. ಆದರೆ ಆ ದರ್ಜೆಗಳು ಸಂಜೆ ಅವರ ಜೊತೆ ಸೈಕಲ್ ಮೇಲೆ ಮನೆಗೂ ಬಂದವು. ಮಗಳು ಐಶ್ವರ್ಯಾ ಎಸ್ಸೆಸ್ಸೆಲ್ಸಿಯಲ್ಲಿ ಸಾಲೆಗೇ ಮೊದಲು ಬಂದು ಪೇಢೆ ಕೈಯಲ್ಲಿಟ್ಟಾಗ ಪೇಢೆ ಬಾಯಿಗೆ ಹಾಕಿಕೊಂಡು, ‘ಫೇರ್’ ಅಂದರು. ಪೇಢೆಗೆ ಅಂದದ್ದೋ ಮಗಳಿಗೆ ಅಂದದ್ದೋ ಆ ಹುಡುಗಿಗೆ ಇವತ್ತಿಗೂ ತಿಳಿದಿಲ್ಲ. ಅವಳನ್ನು ನೋಡಲು ಗದಗಿನಿಂದ ಅಮರೇಶ ಎಂಬ ವರ ಬಂದಾಗ, ಹುಡುಗ ಹೇಗಿದ್ದಾನೆ ಎಂದು ಯಾರೋ ಎಲ್ಲರೆದುರಿಗೇ ಕೇಳಿಬಿಟ್ಟರು. ಶಾಂತಯ್ಯ ಹುಡುಗನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂಡ್ರಿಸಿ ನೋಡಿ, ‘ಫೇರ್’ ಅಂದರು. ವರನ ತಾಯಿ ಹಿಗ್ಗಿ, ‘ಹೌದ್ರಿ, ನಮ್ಮ ಮನಿತನದಾಗ ಎಲ್ಲಾರೂ ಬೆಳ್ಳಗಿನ ಬಣ್ಣ’ ಅಂದಳು. ಲಗ್ನ ಅಲ್ಲೇ ಕೂಡಿಬಂತು. ತಮ್ಮ ಅಪೆಂಡಿಕ್ಸ್ ಆಪರೇಶನ್ ಆದ ಮರುದಿನ ಡಾಕ್ಟರು, ಈಗ ಹೇಗನಿಸುತ್ತದೆ ಅಂದಾಗಲೂ ಅದೇ ಮಾತು ಹೇಳಿದರು. ಡಾಕ್ಟರು ಆಪರೇಶನ್ನೇ ಸರಿಯಾಗಲಿಲ್ಲವೇನೋ ಎಂದು ಎರಡು ದಿನ ಹೆಚ್ಚಿಗೆ ಇಟ್ಟುಕೊಂಡರು.

ಮುರಿಗೆವ್ವನ ಕತೆ ಇದಕ್ಕಿಂತ ಹಳೆಯದು. ಮದುವೆಯಾಗಿ ಗರಗದಿಂದ ಗಂಡನ ಮನೆಗೆ ಬಂದ ಮೊದಲ ವಾರ, ಅತ್ತೆ ಅವಳಿಗೆ ಶೇಂಗಾ ಹೋಳಿಗೆ ಮಾಡಲು ಹೇಳಿದಳು. ಮುರಿಗೆವ್ವ ತನ್ನ ತಾಯಿ ಮಾಡುವ ಹಾಗೆಯೇ ಮಾಡಿದಳು. ಹೂರಣಕ್ಕೆ ಶೇಂಗಾದ ಜೊತೆ ಹುರಿದ ಬಿಳಿ ಎಳ್ಳು, ಸ್ವಲ್ಪ ದಪ್ಪಗೆ ಲಟ್ಟಿಸಿದ್ದು, ನುಣ್ಣನೆಯ ಅಂಚು. ಗಂಡ ಒಂದು ತುಂಡು ಮುರಿದು ಬಾಯಿಗಿಟ್ಟು, ‘ಫೇರ್’ ಅಂದ. ಇಪ್ಪತ್ತೊಂದರ ಹುಡುಗಿ ಆ ಶಬ್ದವನ್ನು ಮೂರು ದಿನ ಬಾಯಲ್ಲಿಟ್ಟುಕೊಂಡು, ಬಿಎ ಓದುತ್ತಿದ್ದ ಅಣ್ಣನನ್ನು ಕೇಳಿದಳು. ಫೇರ್ ಎಂದರೆ ಬೆಳ್ಳಗೆ ಅಂದ ಅಣ್ಣ. ಮುರಿಗೆವ್ವನದು ಎಣ್ಣೆಗಪ್ಪು. ಗಂಡನ ಕಣ್ಣು ಹೋಗಿದೆಯೋ, ತನಗೆ ಮನಸ್ಸು ಕೊಟ್ಟಿದ್ದಾನೋ ತಿಳಿಯದೆ ಒಂದು ತಿಂಗಳು ಕನ್ನಡಿ ಮುಂದೆ ನಿಂತಳು. ಆಮೇಲೆ ರೇಶನ್ ಅಂಗಡಿಯ ‘ಫೇರ್ ಪ್ರೈಸ್ ಶಾಪ್’ ಬೋರ್ಡಿನ ಮೇಲೆ ಅದೇ ಶಬ್ದ ಕಂಡಿತು. ಅಲ್ಲಿಯ ಅಕ್ಕಿಯಂತೂ ಯಾವ ಕಡೆಯಿಂದಲೂ ಬೆಳ್ಳಗಿರಲಿಲ್ಲ. ಕೊನೆಗೆ ಪೇಟೆಯ ಹಮಾಲ ಗುಡ್ಡಪ್ಪ ಮನೆಗೆ ಬಂದಾಗ, ‘ಅಕ್ಕಾರ, ಫೇರ್ ಅಂದ್ರ ಎಲ್ಲಾಕ್ಕಿಂತ ಕೆಳಗಿಂದ್ರಿ’ ಎಂದು ಖರೇ ಹೇಳಿ ಪುಣ್ಯ ಕಟ್ಟಿಕೊಂಡ.

ಆವತ್ತಿನಿಂದ ಮುರಿಗೆವ್ವ ತವರಿನ ಹೋಳಿಗೆ ಬಿಟ್ಟಳು. ಅತ್ತೆಯ ಹೋಳಿಗೆ ಕಲಿತಳು, ಎಳ್ಳಿಲ್ಲದ್ದು, ಹಾಳೆಯಷ್ಟು ತೆಳ್ಳನೆಯದು, ಅಂಚಿಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಗೆರೆ ಮೂಡಿಸಿದ್ದು. ಅದಕ್ಕೂ ಫೇರ್ ಬಂತು. ಎಣ್ಣೆಗಾಯಿಗೆ, ಹಿಟ್ಟಿನ ಪಲ್ಯಕ್ಕೆ, ಮಾದಲಿಗೆ, ಬಾಣಂತನ ಮುಗಿಸಿ ಎದ್ದು ಮಾಡಿದ ಮೊದಲ ಉಪ್ಪಿಟ್ಟಿಗೆ, ಎಲ್ಲದಕ್ಕೂ ಅದೇ. ಬೈದಿದ್ದರೆ ಜಗಳಾದರೂ ಆಡಬಹುದಿತ್ತು. ಆತ ಎಂದೂ ತಟ್ಟೆಯಲ್ಲಿ ಒಂದಗುಳು ಬಿಟ್ಟವನಲ್ಲ, ಎರಡನೇ ಸಲ ಬಡಿಸಿಕೊಳ್ಳದೆ ಎದ್ದವನೂ ಅಲ್ಲ. ಉಂಡು ಕೈತೊಳೆದು ಆ ಮಾತು ಹೇಳಿ ಎದ್ದುಹೋಗುತ್ತಿದ್ದ.

ಪೇಟೆಗೆ ಹತ್ತಿ ನೋಡುವ ಮಶೀನು ಬಂದು ಶಾಂತಯ್ಯ ಮನೆಯಲ್ಲಿ ಕೂತ ಮೇಲೆ ಫೇರ್ ಇನ್ನೂ ಹೆಚ್ಚಾಯಿತು. ಮೊದಲು ದಿನಕ್ಕೆರಡಿತ್ತು, ಈಗ ಚಹಾ ಸೇರಿ ಐದು. ಅದನ್ನು ತೋಡಿಕೊಳ್ಳಲು ಮುರಿಗೆವ್ವನಿಗಿದ್ದವಳು ಪಕ್ಕದ ಮನೆಯ ಸಂಘಮಿತ್ರಾ. ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಪರೀಕ್ಷೆಗೆ ಕೂಡುವ ಹುಡುಗರಿಗೆ ಇಂಗ್ಲಿಷ್ ಕಲಿಸುವವಳು. ಅಡುಗೆ ಮಾತ್ರ ಬಾರದು. ಮುರಿಗೆವ್ವ ಅವಳಿಗೆ ಹೋಳಿಗೆ ಲಟ್ಟಿಸುವುದನ್ನು, ಅಂಚು ಒತ್ತುವುದನ್ನು ಕಲಿಸುತ್ತಿದ್ದಳು, ಅವಳು ಈಕೆಗೆ ಕೇಳಿದ ಶಬ್ದಕ್ಕೆ ಅರ್ಥ ಹೇಳುತ್ತಿದ್ದಳು.

‘ಕಾಕು, ಅದಕ್ಕ ಒಂದ ಅರ್ಥ ಇಲ್ರಿ. ನಾ ಎರಡು ತಾಸು ಪಾಠ ಮಾಡತೇನಿ ಅದರ ಮ್ಯಾಲ’ ಎಂದು ಸಂಘಮಿತ್ರಾ ಹಿಟ್ಟಿನ ಕೈಯಲ್ಲೇ ಬೆರಳು ಮಡಚಿದಳು. ‘ಒಂದು, ಬೆಳ್ಳಗಿನ ಮೈಬಣ್ಣ. ಎರಡು, ಮಳಿ ಮೋಡ ಇಲ್ಲದ ಹವಾ. ಮೂರು, ಚಿತ್ತಿಲ್ಲದ ಚೊಕ್ಕ ಬರದ ಪ್ರತಿ. ನಾಲ್ಕು, ನ್ಯಾಯದ್ದು, ಒಬ್ಬರ ಕಡೆ ವಾಲದ್ದು. ಐದು, ಅಷ್ಟಕ್ಕಷ್ಟ, ನಡೀತೈತಿ ಅನ್ನುವಂಥಾದ್ದು. ಆರು, ಸಾಕಷ್ಟು, ಕಡಿಮಿ ಏನಲ್ಲ ಅನ್ನುವಂಥಾದ್ದು.’

ಮುರಿಗೆವ್ವ ಲಟ್ಟಣಿಗೆ ಕೆಳಗಿಟ್ಟಳು. ‘ಐದನೇದು ಬಿಟ್ಟು ಉಳದದ್ದೆಲ್ಲಾ ಛಲೋನ ಅದಾವ. ನನ್ನ ಹಣೀಮ್ಯಾಗ ಐದನೇದ ಬರದಿತ್ತು ನೋಡವ್ವ.’

ಆಕೆಯ ಆಸೆ ದೊಡ್ಡದಲ್ಲ. ಸಾಯುವುದರೊಳಗೆ ಒಂದು ಸಲ ಗಂಡನ ಬಾಯಿಂದ ಇದಕ್ಕಿಂತ ಮೇಲಿನ ದರ್ಜೆ ಕೇಳಬೇಕು. ಕೇಳಿ ಪಡೆದದ್ದಲ್ಲ, ಮೋರೆ ನೋಡಿ ಕರುಣೆಯಿಂದ ಕೊಟ್ಟದ್ದಲ್ಲ. ಅರಳೆ ಜಗ್ಗಿ ನೋಡಿ ಹೇಳುತ್ತಿದ್ದರಲ್ಲ, ಹಾಗೆ ನೋಡಿ ಕೊಟ್ಟದ್ದು. ಬರೀ ಒಂದು ಗುಡ್ ಆದರೂ ಸಾಕಿತ್ತು.

ಅದಕ್ಕೆ ದಾರಿ ತಾನಾಗಿಯೇ ತೆರೆಯಿತು. ಶ್ರಾವಣದ ಕೊನೆಯ ರವಿವಾರ ನವನಗರದ ಮಹಿಳಾ ಮಂಡಳದವರು ಸಮುದಾಯ ಭವನದಲ್ಲಿ ಶೇಂಗಾ ಹೋಳಿಗೆ ಸ್ಪರ್ಧೆ ಇಟ್ಟರು. ಸಂಜೆ ನಾಲ್ಕಕ್ಕೆ ಸ್ಪರ್ಧೆ, ಹನ್ನೊಂದು ತಟ್ಟೆ, ತಟ್ಟೆಗೆ ಬರೀ ನಂಬರು, ಮೊದಲ ಬಹುಮಾನ ಐದು ಲೀಟರಿನ ಕುಕ್ಕರು. ನಿರ್ಣಯಕ್ಕೆ ಬರಬೇಕಿದ್ದ ಖಾನಾವಳಿ ಮಾಲೀಕರು ಹಿಂದಿನ ದಿನ ಇನ್ನೊಂದು ಕಡೆ ಮಿರ್ಚಿ ಸ್ಪರ್ಧೆಗೆ ಹೋಗಿ ಹೊಟ್ಟೆ ಕೆಡಿಸಿಕೊಂಡಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಮಂಡಳದ ಅಧ್ಯಕ್ಷೆ ಗೀತಾಂಜಲಿ ಏದುಸಿರು ಬಿಡುತ್ತ ಹಸಿರು ಗೇಟಿಗೆ ಬಂದಳು.

‘ಕಾಕಾ, ಯಾರ ದಾಕ್ಷಿಣ್ಯಾನೂ ಇಟಗೊಳ್ಳದ ಮನಶ್ಯಾ ಈ ಲೇಔಟಿನ್ಯಾಗ ನೀವೊಬ್ರ. ನೀವ ಬರಬೇಕ್ರಿ.’

‘ನಮ್ಮಾಕಿ ಅದಾಳೇನು ಅದರಾಗ?’ ಎಂದು ಶಾಂತಯ್ಯ ಕೇಳಿದರು.

‘ಅದನ್ನ ಹೇಳಾಂಗಿಲ್ರಿ. ನಂಬರಷ್ಟ’ ಅಂದಳು ಗೀತಾಂಜಲಿ. ಶಾಂತಯ್ಯ ಪಟಕ ಕೊಡವಿಕೊಂಡು, ಆಗಲಿ ಅಂದರು.

ಮುರಿಗೆವ್ವ ಆಗ ಸಂಘಮಿತ್ರಾಳ ಅಡುಗೆ ಮನೆಯಲ್ಲಿದ್ದಳು. ಗಂಡನಿಗೆ ತಿಳಿಯದಿರಲಿ ಎಂದು ಅಲ್ಲೇ ತನ್ನ ಹೋಳಿಗೆ ಮಾಡಿಟ್ಟಿದ್ದಳು. ಸಂಘಮಿತ್ರಾಳೂ ಕಲಿತ ಹಾಗೆಯೇ ತನ್ನದನ್ನು ಮಾಡಿಟ್ಟಿದ್ದಳು, ತೆಳ್ಳಗೆ, ಅಂಚಿಗೆ ಹೆಬ್ಬೆರಳ ಗೆರೆ. ಗೀತಾಂಜಲಿ ಬಂದು ಸುದ್ದಿ ಹೇಳಿದ್ದೇ ಮುರಿಗೆವ್ವ ಹೆಸರು ತೆಗೆಯಲು ಹೊರಟಳು. ಇಬ್ಬರೂ ಬೇಡ ಅಂದರು. ನಂಬರಿಗೆ ಗಂಡ ಹೆಂಡತಿ ಎಲ್ಲಿಂದ ಬರಬೇಕು ಎಂದು ಗೀತಾಂಜಲಿ ಕೇಳಿದಳು. ಮುರಿಗೆವ್ವ ತನ್ನ ಹೋಳಿಗೆಯ ಅಂಚು ನೋಡಿದಳು. ನಲವತ್ತೊಂದು ವರ್ಷ ಉಂಡವನಿಗೆ ಈ ಗೆರೆ ಗುರುತು ಸಿಗುವುದಿಲ್ಲವೇ? ಸಿಕ್ಕರೆ ಬಾಯಿಂದ ಬರುವುದು ಅದೇ ಮಾತು.

ಆಗ ಅವಳಿಗೆ ತವರಿನ ಹೋಳಿಗೆ ನೆನಪಾಯಿತು. ಒಂದೇ ಸಲ ತಿಂದವನಿಗೆ ಅದೆಲ್ಲಿ ಗುರುತು ಇರಬೇಕು? ‘ಸಂಘಮಿತ್ರಾ, ಎಳ್ಳು ಐತೇನವ್ವ ಮನ್ಯಾಗ?’ ಅಂದಳು. ಇತ್ತು. ಮೂರು ತಾಸಿನಲ್ಲಿ ಹೊಸ ಹೂರಣ ಅರೆದು, ದಪ್ಪಗೆ ಲಟ್ಟಿಸಿ, ನುಣ್ಣನೆಯ ಅಂಚಿನ ಹೋಳಿಗೆ ಬೇಯಿಸಿ ತಟ್ಟೆಗೆ ಹಾಕಿದಳು. ಕೈ ಮರೆತಿರಲಿಲ್ಲ. ಚೀಟಿ ಎತ್ತಿದಾಗ ಅವಳಿಗೆ ಒಂಬತ್ತನೇ ನಂಬರು ಬಂತು, ಸಂಘಮಿತ್ರಾಳಿಗೆ ಏಳು.

ನಾಲ್ಕಕ್ಕೆ ಶಾಂತಯ್ಯ ಭವನಕ್ಕೆ ಬಂದು ಮೊದಲು ಕಿಟಕಿ ತೆಗೆಸಿದರು. ಟ್ಯೂಬ್‌ಲೈಟಿನಲ್ಲಿ ದರ್ಜೆ ಹೇಳುವುದು ಅವರ ಕುಲದಲ್ಲೇ ಇಲ್ಲವಂತೆ. ಒಂದನೇ ತಟ್ಟೆಯ ಹೋಳಿಗೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿದರು, ಹರಿದ ಅಂಚನ್ನು ಬಿಸಿಲಿಗೆ ಹಿಡಿದರು, ಮೂಸಿದರು, ಕಣ್ಣು ಮುಚ್ಚಿ ತಿಂದರು. ‘ಫೇರ್.’ ಹಿಂದೆ ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಎರಡನೆಯದೂ ಫೇರ್, ಮೂರನೆಯದೂ ಫೇರ್. ಗೀತಾಂಜಲಿ ಬೋರ್ಡಿನ ಮೇಲೆ ಬರೆಯುತ್ತ ಹೋದಳು. ಐದನೆಯದಕ್ಕೆ ‘ಗುಡ್’ ಎಂದಾಗ ಭವನವೇ ಎದ್ದು ಕೂತಿತು.

ಏಳನೇ ತಟ್ಟೆಯ ಮುಂದೆ ಶಾಂತಯ್ಯ ತಡೆದು ನಿಂತರು. ಅಂಚಿನ ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದರು, ಒಮ್ಮೆ ಹೆಂಡತಿಯ ಕಡೆ ನೋಡಿದರು. ಮುರಿಗೆವ್ವ ಛಾವಣಿಯ ಫ್ಯಾನು ನೋಡುತ್ತ ಕೂತಳು. ಬಹಳ ಹೊತ್ತು ಅಗಿದು, ‘ಫುಲ್ಲಿ ಗುಡ್’ ಅಂದರು. ತನ್ನ ಕೈಕೆಳಗೆ ಕಲಿತವಳಿಗೆ ಫುಲ್ಲಿ ಗುಡ್ ಬಂದದ್ದು ಮುರಿಗೆವ್ವನಿಗೆ ಹಿಗ್ಗೂ ಆಯಿತು, ಹೊಟ್ಟೆಯೊಳಗೆ ಸಣ್ಣಗೆ ಉರಿಯೂ ಆಯಿತು.

ಒಂಬತ್ತು ಬಂತು. ಶಾಂತಯ್ಯ ಜಗ್ಗಿದರು, ನೋಡಿದರು, ತಿಂದರು. ಕಣ್ಣು ತೆರೆಯಲಿಲ್ಲ. ಆಮೇಲೆ ತಟ್ಟೆಯನ್ನು ತಿರುಗಿಸಿ ಇನ್ನೊಂದು ಮಗ್ಗುಲಿನಿಂದ ಒಂದು ತುಂಡು ಮುರಿದರು. ಮುರಿಗೆವ್ವ ಫ್ಯಾನು ನೋಡುವುದನ್ನು ಬಿಟ್ಟಳು. ಮೇಲಿನ ದರ್ಜೆ ಹೇಳುವ ಮುಂಚೆ ಅಂಡಿಗೆಯ ಎರಡೂ ಮಗ್ಗುಲು ನೋಡುವುದು ಪೇಟೆಯ ಕಾಯಿದೆ ಎಂದು ಆ ಮೂರು ಫೈನ್‌ಗಳ ಕತೆಯನ್ನು ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು.

‘ಫೈನ್’ ಅಂದರು ಶಾಂತಯ್ಯ.

ಮುರಿಗೆವ್ವ ಈ ಗಳಿಗೆಯನ್ನು ಎಷ್ಟೋ ಸಲ ನೆನೆಸಿಕೊಂಡಿದ್ದಳು. ಎದ್ದು ನಿಂತು ಗಂಡನ ಮುಖಕ್ಕೇ ಹೇಳಬೇಕು, ಅದು ನಂದು ಎಂದು. ಈಗ ನೋಡಿದರೆ ಏಳುವುದೇ ಮರೆತುಹೋಯಿತು. ಗೀತಾಂಜಲಿ ಬೋರ್ಡಿನ ಮೇಲೆ ಬರೆದ ಆ ಶಬ್ದವನ್ನೇ ಎರಡೆರಡು ಸಲ ಓದಿದಳು.

ಉಳಿದೆರಡು ತಟ್ಟೆಗೂ ಫೇರ್ ಹೇಳಿ ಮುಗಿದ ಮೇಲೆ ಗೀತಾಂಜಲಿ ಚೀಟಿ ಬಿಚ್ಚಿದಳು. ‘ಒಂಬತ್ತನೇ ನಂಬರು, ಮುರಿಗೆವ್ವ ಕಾಕು. ಏಳನೇ ನಂಬರು, ಸಂಘಮಿತ್ರಾ.’ ಚಪ್ಪಾಳೆಯ ನಡುವೆ ಶಾಂತಯ್ಯ ಕೈ ಮೇಲೆತ್ತಿದರು. ಅವರ ಮುಖ ಸಣ್ಣದಾಗಿತ್ತು.

‘ಏಳು ಯಾರದಂದ್ರಿ?’

‘ಸಂಘಮಿತ್ರಾಂದ್ರಿ.’

ಶಾಂತಯ್ಯ ಪಟಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ತಪ್ಪಾಗೇತ್ರಿ’ ಅಂದರು. ‘ಪೇಟ್ಯಾಗ ನಮ್ಮದೊಂದು ರೂಢಿ ಇತ್ತು. ಗ್ರೇಡರನ ಬೀಗರದು, ಅಣ್ಣತಮ್ಮರದು ಹತ್ತಿ ಬಂತಂದ್ರ, ಕಂಡ ದರ್ಜಿಗಿಂತ ಒಂದು ದರ್ಜಿ ಇಳಿಸೇ ಹೇಳಬೇಕು. ಇಲ್ಲಂದ್ರ ತಮ್ಮವರ ಕಡೆ ವಾಲಿದ ಅಂತಾರ. ಏಳನೇದರ ಅಂಚು ನೋಡಿ ಅದು ನಮ್ಮಾಕೀದು ಅಂತ ತಿಳದು ಒಂದು ದರ್ಜಿ ಇಳಿಸಿದೆ. ಅದು ಫೈನ್ ಐತ್ರಿ. ಒಂಬತ್ತೂ ಫೈನ್. ಆದ್ರ ಅದು ನಮ್ಮಾಕೀದು ಅಂತ ಈಗ ತಿಳೀತಲ್ಲ, ಅದು ಒಂದು ದರ್ಜಿ ಇಳೀಬೇಕು. ಕುಕ್ಕರು ಆ ಹುಡುಗೀಗೆ ಕೊಡ್ರಿ.’

‘ಕಾಕಾ, ಇದು ಹತ್ತಿ ಪೇಟಿ ಅಲ್ರಿ’ ಎಂದು ಗೀತಾಂಜಲಿ ಎಷ್ಟು ಹೇಳಿದರೂ ಆತ ಜಗ್ಗಲಿಲ್ಲ. ಸಂಘಮಿತ್ರಾ ಬೇಡ ಬೇಡ ಅನ್ನುತ್ತಲೇ ಕುಕ್ಕರು ತೆಗೆದುಕೊಂಡು ಬಂದು, ಮುರಿಗೆವ್ವನ ಕಿವಿಯಲ್ಲಿ, ‘ಕಾಕು, ಇದು ನಾಲ್ಕನೇ ಅರ್ಥ ನೋಡ್ರಿ, ನ್ಯಾಯದ್ದು’ ಅಂದಳು.

‘ತಿಳೀತವ್ವ. ಐದನೇದನ್ನ ನಾ ಮನಿಗೆ ಹೋಗಿ ಕೇಳತೇನಿ’ ಅಂದಳು ಮುರಿಗೆವ್ವ.

ಮನೆಗೆ ಬಂದು ಶಾಂತಯ್ಯ ಚಪ್ಪಲಿ ಬಿಡುವಷ್ಟರಲ್ಲಿ ಮುರಿಗೆವ್ವ ಬಾಗಿಲಿಗೆ ಅಡ್ಡ ನಿಂತಳು.

‘ಮನ್ಯಾಗ ಹೇಳಿದ್ದೂ ಇಳಿಸೇ ಏನ್ರಿ?’

‘ಹೂಂ.’

‘ಎಂದಿನಿಂದ?’

‘ಮದಿವ್ಯಾದಾಗಿಂದ. ಐಶ್ವರ್ಯಾಂದೂ, ಅಳಿಯಂದೂ ಇಳಿಸೇ ಇದ್ದೆ.’

‘ಮನ್ಯಾಗ ಕೊಳ್ಳಾಕ ಬಂದಿದ್ದವರು ಯಾರು, ಮಾರಾಕ ಬಂದಿದ್ದವರು ಯಾರು? ನನ್ನ ಪಲ್ಯಾ ಛಲೋ ಆಗೇತಿ ಅಂದಿದ್ರ ಪೇಟ್ಯಾಗಿನ ಯಾವ ಅಡತಿ ಅಂಗಡ್ಯಾವ ಬಂದು ನಿಮ್ಮನ್ನ ಕೇಳತಿದ್ದ?’

ಶಾಂತಯ್ಯ ಬಿಟ್ಟ ಚಪ್ಪಲಿಯನ್ನು ಕಾಲಿನಿಂದ ಜೋಡಿಸಿಟ್ಟರು. ‘ರೂಢಿ ಬಿಡಲಿಲ್ಲ’ ಅಂದರು, ಮೆಲ್ಲಗೆ.

ಮುರಿಗೆವ್ವ ಪಡಸಾಲೆಯ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ದರ್ಜೆ ಏರಿಸಿದರೆ ಎಣ್ಣೆಗಾಯಿ ಗುಡ್, ಮಾದಲಿ ಗುಡ್, ಬಾಣಂತನದ ಉಪ್ಪಿಟ್ಟು ಗುಡ್. ಅಷ್ಟು ವರ್ಷದ ಗುಡ್ ಒಮ್ಮೆಲೇ ಬಂದು ಬಿದ್ದರೆ ಎಲ್ಲಿ ಇಟ್ಟುಕೊಳ್ಳುವುದು? ಲೆಕ್ಕ ಒಂದು ಕಡೆ ಮಾತ್ರ ಕೂಡಲಿಲ್ಲ.

‘ಇವತ್ತಿನ ಒಂಬತ್ತನೇ ಹೋಳಿಗಿ ಐತೆಲ್ಲ, ಅದು ನಮ್ಮವ್ವನ ಕೈಯಾಂದು. ನಾ ಈ ಮನಿಗೆ ಬಂದ ಮೊದಲನೇ ವಾರ ಮಾಡಿದ್ದೂ ಅದ.’

‘ಅದಕ್ಕ ಎಲ್ಲ್ಯೋ ತಿಂದಂಗ ಅನಸ್ತು’ ಅಂದರು ಶಾಂತಯ್ಯ.

‘ಆವತ್ತು ಫೇರ್ ಅಂದಿದ್ರಿ. ಒಂದು ಏರಿಸಿದ್ರ ಗುಡ್ ಆತು. ಇವತ್ತು ಫೈನ್ ಹೆಂಗಾತು?’

ಶಾಂತಯ್ಯ ನೆಲ ನೋಡಿದರು. ‘ಆವತ್ತು ಮೂರು ಇಳಿಸಿದ್ದೆ.’

‘ಮೂರು ಯಾಕ?’

‘ಅವ್ವ ಎದುರಿಗೆ ಕುಂತಿದ್ಲು.’

ಮುರಿಗೆವ್ವನಿಗೆ ನಗು ಉಕ್ಕಿ ಬಂತು, ಅದರ ಹಿಂದೆಯೇ ಅಳುವೂ ಬಂತು, ಎರಡನ್ನೂ ತಡೆಯಲಾಗಲಿಲ್ಲ. ‘ನಮ್ಮವ್ವ ಸಾಯೋತನಕ ಕೇಳತಿದ್ಲು, ನಿನ್ನ ಗಂಡಗ ನಮ್ಮ ಹೋಳಿಗಿ ಯಾಕ ಸೇರಲಿಲ್ಲ ಅಂತ. ನಾ ಏನು ಹೇಳಲಿ? ಅವರ ಪೇಟ್ಯಾಗ ನಮ್ಮದು ಕೆಳಗಿನ ದರ್ಜಿ ಬೇ ಯವ್ವಾ ಅಂತಿದ್ದೆ. ಆಕಿ ಹೌದೇನೋ ಅನಕೋತ ಹೋದ್ಲು.’ ಸೆರಗಿನಿಂದ ಮುಖ ಒರೆಸಿಕೊಂಡಳು. ‘ನಾನೂ ಮಾಡೂದು ಬಿಟ್ಟೆ. ನನ್ನ ಮಗಳು ಆ ರುಚೀನ ನೋಡಲಿಲ್ಲ.’

ಕೈ ಹಾಕಿ ಜಗ್ಗಿ ನೋಡಿದ ಮೇಲೂ ತಪ್ಪು ದರ್ಜೆ ಹೇಳಿದ ಗ್ರೇಡರನಿಗೆ ಪೇಟೆಯಲ್ಲಿ ತಲೆ ಎತ್ತುವ ದಾರಿಯಿರಲಿಲ್ಲ, ಇಲ್ಲಿಯೂ ಇರಲಿಲ್ಲ. ಶಾಂತಯ್ಯ ಸೀದಾ ಅಡುಗೆ ಮನೆಗೆ ಹೋದರು. ಮುರಿಗೆವ್ವನಿಗೆ ಒಳಗಿನಿಂದ ಡಬ್ಬಿಗಳ ಸದ್ದು ಕೇಳಿಸಿತು. ಸಕ್ಕರೆಯ ಡಬ್ಬಿ ಯಾವುದು, ರವೆಯ ಡಬ್ಬಿ ಯಾವುದು ಎಂದು ಹುಡುಕುವವರ ಸದ್ದು. ಆಕೆ ಏಳಲಿಲ್ಲ.

ಕಾಲು ತಾಸಿನ ಮೇಲೆ ಶಾಂತಯ್ಯ ಎರಡೂ ಕೈಯಲ್ಲಿ ಕಪ್ಪು ಬಸಿ ಹಿಡಿದು ಬಂದರು. ಜೀವಮಾನದಲ್ಲಿ ಅವರು ಮಾಡಿದ ಮೊದಲ ಚಹಾ. ಬಸಿಯ ತುಂಬ ಚೆಲ್ಲಿತ್ತು, ಶುಂಠಿಯ ದೊಡ್ಡ ತುಂಡೊಂದು ಸಿಪ್ಪೆಯ ಸಮೇತ ತೇಲುತ್ತಿತ್ತು. ಹೆಂಡತಿಯ ಕೈಗೆ ಕೊಟ್ಟು, ಹಿಂದೆ ಪೇಟೆಯಲ್ಲಿ ಅಂಡಿಗೆ ತಂದ ರೈತರು ತಮ್ಮೆದುರು ನಿಲ್ಲುತ್ತಿದ್ದ ಹಾಗೆ, ಪಟಕ ಬಗಲಲ್ಲಿಟ್ಟುಕೊಂಡು ನಿಂತರು.

‘ಹೆಂಗೈತಿ?’

ಮುರಿಗೆವ್ವ ಅವಸರ ಮಾಡಲಿಲ್ಲ. ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. ಕಪ್ಪು ತಿರುಗಿಸಿ ಇನ್ನೊಂದು ಮಗ್ಗುಲಿನಿಂದಲೂ ಒಂದು ಗುಟುಕು ಕುಡಿದಳು.

‘ಫೇರ್’ ಅಂದಳು.

ಶಾಂತಯ್ಯ ಬೆರಳು ಮಡಚುತ್ತ, ‘ಎಷ್ಟು ಇಳಿಸಿದಿ?’ ಎಂದು ಕೇಳಿದರು.

‘ನಿಮ್ಮವ್ವ ಎದುರಿಗಿಲ್ಲಲ್ರಿ. ಒಂದ.’